ಕೊನೆಗೆ ಕಂಡವರ ರೊಟ್ಟಿ

ಜುಲೈ ಇಪ್ಪತ್ತೆರಡು, ಮಂಗಳವಾರ. ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಉರಾನಿಯಾ ರಾಪ್ಟಿ ಗ್ಲಾರೋಪೆತ್ರಾ ಬಂದರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ ಒಳಗೆ ಆಗಲೇ ಸಾಲು ನಿಂತಿತ್ತು. ಕಡಲಮುಳ್ಳು ತುಳಿದು ಕುಂಟುತ್ತಿದ್ದವನೊಬ್ಬ, ಮೊಬೈಲ್ ಕಳೆದುಕೊಂಡ ಇಬ್ಬರು ಹುಡುಗಿಯರು, ಬಿಸಿಲಿಗೆ ಬೆಂದು ಏಡಿಯ ಬಣ್ಣಕ್ಕೆ ತಿರುಗಿದ್ದ ಹಾಲೆಂಡಿನವನೊಬ್ಬ. ಪಕ್ಕದ ಬಾರಿನ ಹಾಡು ಬೆಳಗಾಗುವವರೆಗೂ ನಿಲ್ಲಲಿಲ್ಲವೆಂದು ಅವನು ತನ್ನ ಭಾಷೆಯಲ್ಲೇ ದೂರುತ್ತಿದ್ದ. ಕಾನ್‌ಸ್ಟೆಬಲ್ ಸರಾಂದಿಸ್ ತನ್ನ ಭಾಷೆಯಲ್ಲೇ ಸಮಾಧಾನ ಹೇಳುತ್ತಿದ್ದ. ಇಬ್ಬರಿಗೂ ಅದರಿಂದ ಏನೂ ತೊಂದರೆ ಇದ್ದಂತಿರಲಿಲ್ಲ.

ಉರಾನಿಯಾ ಸಾಲಿನಲ್ಲಿ ನಿಲ್ಲಲಿಲ್ಲ. ಎಂಬತ್ತು ದಾಟಿದ ಅವಳು ಮೈತುಂಬ ಕಪ್ಪು ಉಟ್ಟು, ಕೋಲೂರಿಕೊಂಡು ನೇರ ಮೇಜಿನ ಬಳಿಗೆ ಬಂದಳು.

“ನನ್ನ ಮಗ ಕಾಫಿಗೆ ಬರ್ಲಿಲ್ಲ.”

“ಮಲಗಿರ್ತಾನೆ ಬಿಡಜ್ಜಿ. ಸೀಸನ್ ಅಲ್ವಾ, ರಾತ್ರಿಯೆಲ್ಲ ಬಾರು,” ಎಂದ ಸರಾಂದಿಸ್.

“ಬಾಯಿ ಮುಚ್ಚು. ಮೆನೆಲಾವೋಸ್ ಮದುವೆಯಾದ ಮಾರನೇ ದಿನವೂ ನನ್ನ ಕಾಫಿಗೆ ಬಂದವನು. ಬೆಳಗ್ಗೆ ಈಜ್ತಾನೆ, ಮೈ ಒರೆಸ್ಕೋತಾನೆ, ಬೆಟ್ಟ ಹತ್ತಿ ಬರ್ತಾನೆ. ಕಾಫಿ ಎರಡು ಸಲ ಕಾಯಿಸ್ದೆ. ಬರ್ಲಿಲ್ಲ. ಬರ್ಕೋ.”

ಸರಾಂದಿಸ್ ಪೆನ್ನು ಎತ್ತಿಕೊಂಡ. ಮುದುಕಿಯ ಕಣ್ಣು ಅವನ ಬೆನ್ನ ಹಿಂದಿನ ಕಪಾಟಿಗೆ ಅಂಟಿಕೊಂಡಿತ್ತು. ಕಡಲ ದಂಡೆಯಲ್ಲಿ ಜನ ಬಿಟ್ಟುಹೋದ ಸಾಮಾನು ಇಡುವ ಕಪಾಟು ಅದು. ಒಂಟಿ ಚಪ್ಪಲಿಗಳು, ಕಪ್ಪು ಕನ್ನಡಕಗಳು, ಗಾಳಿ ಹೋದ ರಬ್ಬರ್ ಮೊಸಳೆ. ಅವುಗಳ ನಡುವೆ ಬೆಂಡಿನ ತುಂಡೊಂದರ ಮೇಲೆ ಒಂದು ಉಬ್ಬಿದ ದುಂಡು ರೊಟ್ಟಿ. ರೊಟ್ಟಿಯ ನಡುವೆ ಉರಿದು ಮುಗಿದ ಮೇಣದಬತ್ತಿಯ ಬುಡ.

“ಅದು ಎಲ್ಲಿತ್ತು?” ಎಂದಳು ಉರಾನಿಯಾ.

ಸರಾಂದಿಸ್ ತಿರುಗಿ ನೋಡಲಿಲ್ಲ. “ಗುಡಿಕೊಲ್ಲಿಯ ಮರಳಲ್ಲಿ. ದಂಡೆ ಗುಡಿಸೋರು ತಂದುಕೊಟ್ರು.”

“ಯಾವಾಗ?”

“ಏಳೂವರೆಗೆ.”

“ಯಾರಿಗೆ ಬಿಟ್ಟಿದ್ದು ಅಂತ ಕೇಳ್ದಾ?”

“ನಮ್ಮ ಕೇರಿಯಲ್ಲೆಲ್ಲ ಕೇಳ್ದೆ ಅಜ್ಜಿ. ಯಾರ ಮನೆಯಲ್ಲೂ ಯಾರೂ ಹೋಗಿಲ್ಲ.”

ಉರಾನಿಯಾಳ ಕೈಯ ಕೋಲು ನೆಲಕ್ಕೆ ಬಿತ್ತು. ಅದರ ಹಿಂದೆಯೇ ಅವಳೂ ಕುಸಿದು ಕೂತಳು. ಕಡಲಮುಳ್ಳಿನವನು ತನ್ನ ಕಾಲು ಮರೆತು ಅವಳನ್ನು ಹಿಡಿದುಕೊಂಡ.

ಸದ್ದು ಕೇಳಿ ಇನ್ಸ್‌ಪೆಕ್ಟರ್ ಥೆಕ್ಲಾ ಮಾವ್ರಿದು ಒಳಕೋಣೆಯಿಂದ ಹೊರಬಂದಳು. ಉತ್ತರದ ಬೆಟ್ಟದೂರಿನವಳು. ಈ ಠಾಣೆಗೆ ಬಂದು ಒಂದು ಚಳಿಗಾಲವಷ್ಟೇ ಕಳೆದಿತ್ತು. ನೆಲದ ಮೇಲೆ ಕೂತ ಮುದುಕಿ ಒಂದು ರೊಟ್ಟಿಯನ್ನು ಹೆಣ ನೋಡುವಂತೆ ನೋಡುತ್ತಿರುವುದು ಅವಳಿಗೆ ಅರ್ಥವಾಗಲಿಲ್ಲ.

“ಏನಿದು ಸರಾಂದಿಸ್?”

“ನಮ್ಮ ಕೇರಿಯ ಪದ್ಧತಿ ಮೇಡಂ. ಆಚೆದಡದಿಂದ ಓಡಿಬಂದ ಅಜ್ಜಿಯರು ತಂದಿದ್ದು. ಯಾರಾದ್ರೂ ನೀರಲ್ಲಿ ಮುಳುಗಿ ಹೋದ್ರೆ ರೊಟ್ಟಿ ಮೇಲೆ ದೀಪ ಹಚ್ಚಿ ತೇಲಿ ಬಿಡ್ತಾರೆ. ಹೆಣ ಎಲ್ಲಿದೆಯೋ ಅದು ಹುಡುಕುತ್ತೆ ಅಂತ.” ಸರಾಂದಿಸ್ ದನಿ ತಗ್ಗಿಸಿದ. “ಎಲ್ಲರೂ ಬಿಡೋ ಹಾಗಿಲ್ಲ. ಮುಳುಗಿದವನನ್ನ ಕೊನೆಗೆ ಕಂಡವರೇ ಬಿಡಬೇಕು. ಅದೂ ತಡ ಮಾಡದೆ, ಕಂಡ ಕೂಡ್ಲೇ.”

ಥೆಕ್ಲಾ ಗಡಿಯಾರ ನೋಡಿದಳು. ದೂರು ಬಂದಿದ್ದು ಈಗ. ರೊಟ್ಟಿ ಬಂದಿದ್ದು ಏಳೂವರೆಗೆ.

“ಅಂದ್ರೆ ಈ ಊರಲ್ಲಿ ಯಾರಿಗೋ ನಮಗಿಂತ ಮೂರು ಗಂಟೆ ಮುಂಚೆ ಗೊತ್ತಿತ್ತು,” ಎಂದಳು.

ಮೆನೆಲಾವೋಸ್ ರಾಪ್ಟಿಸ್, ಐವತ್ತೆರಡು ವರ್ಷ, ಕಾಣೆಯಾಗಿದ್ದಾನೆಂದು ಎಫ್‌ಐಆರ್ ದಾಖಲಾಯಿತು. ಮುದುಕಿಯನ್ನು ಮನೆಗೆ ಕಳಿಸಲು ನೋಡಿದರು. ಅವಳು ಠಾಣೆಯ ಬೆಂಚು ಬಿಟ್ಟು ಏಳಲಿಲ್ಲ. “ಬದುಕಿದಾನೆ ಅಂತ ಸುಳ್ಳು ಹೇಳ್ಬೇಡಿ. ಹುಡುಕಿಕೊಡಿ. ನಮ್ಮ ಯಜಮಾನ್ರ ಪಕ್ಕದಲ್ಲಿ ಮಣ್ಣು ಮಾಡ್ಬೇಕು. ನೀರು ತಿನ್ನೋಕೆ ಬಿಡಬೇಡಿ,” ಎಂದಳು. ಅಷ್ಟೇ ಅವಳ ಬೇಡಿಕೆ.

*

ಹನ್ನೊಂದೂ ಕಾಲಿಗೆ ಇನ್ಸ್‌ಪೆಕ್ಟರ್ ಮತ್ತು ಸರಾಂದಿಸ್ ದೊಡ್ಡ ದಂಡೆಗೆ ಇಳಿದರು. ದಂಡೆಯ ಅರ್ಧ ಮೆನೆಲಾವೋಸನದು. ನೀಲಿ ಕೊಡೆ, ನೀಲಿ ಒರಗುಕುರ್ಚಿ, ನೀಲಿ ಹಲಗೆಯ ಬಾರು. ಕೊಡೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿದ್ದವು. ಜೋಳ ಸುಡುವ ಹೊಗೆ, ತೆಂಗಿನೆಣ್ಣೆಯ ವಾಸನೆ, ಎದೆಗೆ ಗುದ್ದುವ ಹಾಡು. ಮಕ್ಕಳು ಬಕೆಟ್ಟಿನಲ್ಲಿ ಕಡಲನ್ನೇ ಹೊತ್ತು ತಂದು ಮರಳಿನ ಗುಂಡಿಗೆ ಸುರಿಯುತ್ತಿದ್ದರು. ಸಮುದ್ರವಂತೂ ಗಾಳಿಯಿಲ್ಲದೆ, ನುಂಗಿದ್ದನ್ನು ಮರೆತು ಮಲಗಿದ ಕತೆಯ ರಾಕ್ಷಸನ ಹಾಗೆ ಮೆಲ್ಲಗೆ ಹೊಟ್ಟೆ ಏರಿಳಿಸುತ್ತಿತ್ತು.

ಬಾರಿನ ಹಿಂಬದಿ ಮೆಟ್ಟಿಲ ಮೇಲೆ ಮೆನೆಲಾವೋಸನ ಚಪ್ಪಲಿ ಮತ್ತು ಮಡಿಸಿದ ಟವೆಲು ಹಾಗೇ ಇದ್ದವು. ಕುರ್ಚಿ ಹಾಸುವ ಕೆಲಸದ ಜೀಸಿಸ್ ಎಂಬವನನ್ನು ಥೆಕ್ಲಾ ನೆರಳಿಗೆ ಕರೆದಳು. ಮೂವತ್ತರ ಆಳು, ಕಡಲಿಗೆ ಬೆನ್ನು ಹಾಕಿಯೇ ನಿಂತ.

“ಎಷ್ಟೊತ್ತಿಗೆ ಇಳಿದ?”

“ಆರಕ್ಕೆ. ಯಾವಾಗ್ಲೂ ಆರಕ್ಕೇ.”

“ಯಾವ ಕಡೆ?”

“ಹಕ್ಕಿಬಂಡೆ ಸುತ್ತಿ ವಾಪಸ್. ಬಂಡೆಗೂ ಗುಡ್ಡಕ್ಕೂ ನಡುವೆ ಒಂದು ಗಂಡಿ ಇದೆ, ಅದರಲ್ಲಿ ತೂರಿ ಬರ್ತಾರೆ. ಊರಿಗೇ ಗೊತ್ತು.”

“ಬರಲಿಲ್ಲ ಅಂತ ನಿನಗೆ ಅನ್ನಿಸಲಿಲ್ವಾ?”

“ಅನ್ನಿಸ್ತು.”

“ಮತ್ತೆ?”

“ಯಜಮಾನ ಕಣ್ಮುಂದೆ ಇಲ್ಲ ಅಂದ್ರೆ ಹುಡುಕ್ಕೊಂಡು ಹೋಗೋ ಆಳು ಎಲ್ಲಿದಾನೆ ಮೇಡಂ? ಒಂದು ಸಲ ನೆಮ್ಮದಿಯಾಗಿ ಉಸಿರು ಬಿಟ್ವಿ. ಅಷ್ಟೊತ್ತಿಗೆ ಜರ್ಮನಿಯವರು ಟವೆಲ್ ಹಿಡ್ಕೊಂಡು ಬಂದ್ರು.”

ಸರಾಂದಿಸ್ ನೀರಿನಂಚಿಗೆ ಹೋಗಿ ಗುಡಿಕೊಲ್ಲಿಯ ಕಡೆ ನೋಡಿ, ಆಮೇಲೆ ಹಕ್ಕಿಬಂಡೆಯ ಕಡೆ ನೋಡಿದ. ಗಾಳಿಯಿಲ್ಲದ ಬೆಳಗಿನಲ್ಲಿ ಹರಿವು ಬಂಡೆಯಿಂದ ಕೊಲ್ಲಿಗೆ ಬರುತ್ತದೆಂದು ಅವನು ಹೇಳಿದ. ಮೊದಲು ಅಲ್ಲೇ ನೋಡೋಣ ಎಂದ.

ಠಾಣೆಯ ದೋಣಿ ಹನ್ನೆರಡಕ್ಕೆ ಹೊರಟಿತು. ಒಂದೂ ಹತ್ತಕ್ಕೆ ಮುಳುಗುಗಾರ ಗಂಡಿಯ ನೀರಿನಿಂದ ತಲೆ ಎತ್ತಿ ಕೈ ಬೀಸಿದ.

ಪಂಚನಾಮೆಗೆ ಸಾಕ್ಷಿಗಳಾಗಿ ಐಸ್‌ಕ್ರೀಮಿನವನನ್ನೂ ಸುಟ್ಟ ಆಕ್ಟೋಪಸ್ ಮಾರುವವನನ್ನೂ ಕರೆತರಲಾಯಿತು. ಇಬ್ಬರೂ ದೋಣಿಯಲ್ಲಿ ಟೋಪಿ ತೆಗೆದು ಕೂತರು. ಥೆಕ್ಲಾ ಹೇಳುತ್ತ ಹೋದಳು, ಸರಾಂದಿಸ್ ಬರೆಯುತ್ತ ಹೋದ. ಗಂಡಿಯ ಉದ್ದಗಲಕ್ಕೆ ಅಡ್ಡಲಾಗಿ ಮೂರು ಪದರದ ಮೀನುಬಲೆ. ಎರಡೂ ತುದಿ ಬಂಡೆಯ ಸಂದಿಗೆ ಬೆಣೆ ಹೊಡೆದು ಬಿಗಿದಿದೆ. ತೇಲುಬೆಂಡು ಮೇಲೆ ಕಾಣದ ಹಾಗೆ ಬಲೆಯ ಮೇಲಂಚು ನೀರಿನ ಒಂದು ಮೊಳ ಕೆಳಗೆ. ಮೃತನ ಎರಡೂ ಕೈ, ಕುತ್ತಿಗೆ, ಬಲಗಾಲು ಬಲೆಯೊಳಗೆ. ಮಣಿಕಟ್ಟಿನಲ್ಲಿ ಎಳೆದಾಡಿದ ಗೀರು. ಬೇರೆ ಗಾಯವಿಲ್ಲ.

“ಇಲ್ಲಿ ಬಲೆ ಹಾಕೋ ಹಾಗಿಲ್ಲ ಅಲ್ವಾ?”

“ಹಾಕಿದ್ರೂ ಮೀನು ಬರಲ್ಲ ಮೇಡಂ,” ಎಂದ ಆಕ್ಟೋಪಸಿನವನು. “ಇಲ್ಲಿ ಬರೋದು ಒಂದೇ ಜಾತಿ. ಅದೂ ಬೆಳಗ್ಗೆ ಆರೂಕಾಲಿಗೆ.” ಹೇಳಿದ ಮೇಲೆ ತಾನೇ ಬೆಚ್ಚಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ.

ಬೆಂಚಿನ ಮೇಲಿದ್ದ ಉರಾನಿಯಾಗೆ ಥೆಕ್ಲಾಳೇ ಸುದ್ದಿ ಮುಟ್ಟಿಸಿದಳು. ಮುದುಕಿ ಅಳಲಿಲ್ಲ. “ಸಿಕ್ಕ,” ಎಂದಳು. ಆಮೇಲೆ, “ಯಾರು?” ಎಂದಳು. ಕಾಣೆಯಾದ ಪ್ರಕರಣ ಕೊಲೆ ಪ್ರಕರಣವಾಗಿ ಬದಲಾಯಿತು.

*

ಮೂರು ಗಂಟೆಗೆ ಜೀಸಿಸ್ ತಾನಾಗಿಯೇ ಠಾಣೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು ಸಿಗರೇಟು ಹಚ್ಚಲು ಹೋಗಿ, ಗೋಡೆಯ ಮೇಲಿನ ಬರಹ ನೋಡಿ ಜೇಬಿಗಿಟ್ಟುಕೊಂಡ.

“ಹೋದ ವರ್ಷದವರೆಗೂ ನಾನು ಕುರ್ಚಿ ಹಾಸೋನಲ್ಲ ಮೇಡಂ. ಜೀವರಕ್ಷಕ. ಬಾವುಟ ಹಾರಿಸೋನು.”

“ಯಾಕೆ ಬಿಟ್ಟೆ?”

“ಆಗಸ್ಟಿನಲ್ಲಿ ಒಂದು ದಿನ ಉತ್ತರದ ಗಾಳಿ ಎದ್ದಿತ್ತು. ಯಾರೂ ನೀರಿಗೆ ಇಳೀಬಾರ್ದು ಅಂತ ಕೆಂಪು ಬಾವುಟ ಏರಿಸಿದ್ದೆ. ಅವತ್ತು ಸಂಜೆ ಬಾರಲ್ಲಿ ದೊಡ್ಡ ಪಾರ್ಟಿ. ಯಜಮಾನ್ರು ಬಂದು, ‘ಕೆಂಪು ನೋಡಿದ್ರೆ ಜನ ಪಕ್ಕದ ದಂಡೆಗೆ ಹೋಗ್ತಾರೆ, ಇಳಿಸೋ’ ಅಂದ್ರು. ಆಗಲ್ಲ ಅಂದೆ. ಅವರೇ ಹಗ್ಗ ಎಳೆದು ಹಳದಿ ಏರಿಸಿದ್ರು. ನಾನು ನೋಡ್ತಾ ನಿಂತೆ.”

“ಆಮೇಲೆ?”

“ಒಂದು ಪುಟ್ಟ ಹುಡುಗಿ ಸುಳಿಗೆ ಸಿಕ್ಕಳು. ನಾನು ಆ ತುದಿಯಲ್ಲಿದ್ದೆ. ಇಲ್ಲಿ ತಟ್ಟೆ ಎತ್ತುತ್ತಿದ್ದ ಫೋತಿಸ್ ಹಾರಿದ. ಹತ್ತೊಂಬತ್ತು ವರ್ಷ ಅವನಿಗೆ. ಹುಡುಗಿಯನ್ನ ಯಜಮಾನ್ರ ಸ್ಪೀಡ್‌ಬೋಟಿಗೆ ಎತ್ತಿಕೊಟ್ಟ. ಯಜಮಾನ್ರು ಹುಡುಗಿಯನ್ನ ತಗೊಂಡ್ರು. ಬೋಟು ತಿರುಗಿಸಿದ್ರು. ಅವನಿಗೆ ಹಗ್ಗ ಎಸೀಲಿಲ್ಲ. ‘ಈಜ್ತಾನೆ ಬಿಡು, ಕೇರಿ ಹುಡುಗ’ ಅಂದ್ರಂತೆ. ಅವನು ಸಿಗಲೇ ಇಲ್ಲ. ಇವತ್ತಿನವರೆಗೂ.”

ಥೆಕ್ಲಾ ಆ ಹಳೆಯ ಕಡತ ಓದಿದ್ದಳು. ತಾನು ಬರುವ ಮೊದಲೇ ಮುಚ್ಚಿದ್ದು ಅದು. ಕುಡಿದು ನೀರಿಗಿಳಿದ ನೌಕರನ ಆಕಸ್ಮಿಕ ಸಾವು ಎಂದಿತ್ತು ಅದರಲ್ಲಿ. “ಫೋತಿಸ್ ಕುಡಿದಿದ್ನಾ?”

“ನಿಂಬೆ ಷರಬತ್ತು ಕುಡಿದಿದ್ದ. ನಾನೇ ಕೊಟ್ಟಿದ್ದು.” ಜೀಸಿಸ್ ಮುಖ ಒರೆಸಿಕೊಂಡ. “ಕುಡಿದಿದ್ದ ಅಂತ ನಾನೂ ಸಹಿ ಹಾಕಿದೀನಿ ಮೇಡಂ. ಅವತ್ತಿಂದ ನೀರು ನೋಡೋಕಾಗಲ್ಲ. ಕುರ್ಚಿ ನೋಡ್ಕೊಂಡಿದೀನಿ.”

“ಫೋತಿಸನಿಗೆ ಯಾರಿದ್ದಾರೆ?”

ಜೀಸಿಸ್ ಬಾಗಿಲಲ್ಲಿ ನಿಂತ ಸರಾಂದಿಸನನ್ನು ನೋಡಿದ. ಸರಾಂದಿಸ್ ಕಿಟಕಿಯಾಚೆ ನೋಡುತ್ತಿದ್ದ. “ತಾಯಿ,” ಎಂದ ಜೀಸಿಸ್. “ಸ್ತಮಾತಿಯಾ. ಬಂದರಿನಲ್ಲಿ ಬಲೆ ಹೊಲಿತಾಳೆ.”

ಅವನು ಹೋದ ಮೇಲೆ ಥೆಕ್ಲಾ ಕಪಾಟಿನಿಂದ ರೊಟ್ಟಿ ಇಳಿಸಿ ಮೇಜಿನ ಮೇಲಿಟ್ಟಳು. ಉಪ್ಪುನೀರು ಕುಡಿದು ತಳ ಮೆತ್ತಗಾಗಿತ್ತು. ಮೇಲಿನ ಹೊಂಬಣ್ಣದ ಹೊರಪದರದ ಮೇಲೆ ಮಾತ್ರ ಅಚ್ಚೊತ್ತಿದ ಗುರುತು ಸ್ಪಷ್ಟವಾಗಿತ್ತು. ನಡುವೆ ಶಿಲುಬೆ, ಸುತ್ತ ಬಳ್ಳಿ.

“ಈ ಅಚ್ಚು?”

“ಇಗರ್ಜಿಗೆ ರೊಟ್ಟಿ ಮಾಡಿಕೊಡುವಾಗ ಒತ್ತುವ ಮರದ ಅಚ್ಚು ಮೇಡಂ. ಪ್ರತಿ ಮನೆಗೂ ಒಂದು.”

“ಯಾರ ಮನೆಯದು?”

“ಎಲ್ಲ ಒಂದೇ ಥರ ಇರ್ತವೆ.”

“ಸರಾಂದಿಸ್, ಬೆಳಗ್ಗೆಯಿಂದ ನೀನು ಈ ರೊಟ್ಟಿಗೆ ಬೆನ್ನು ಹಾಕಿಕೊಂಡೇ ಓಡಾಡ್ತಿದೀಯ.”

ಹೊರಗೆ ಬಾಳೆಹಣ್ಣಿನಾಕಾರದ ರಬ್ಬರ್ ದೋಣಿಯಿಂದ ಜನ ಕಿರುಚುತ್ತ ನೀರಿಗೆ ಬೀಳುವ ಸದ್ದು ಕೇಳಿಸಿತು.

“ನೋಡಿದ್ರೆ ಹೇಳಬೇಕಾಗುತ್ತೆ ಮೇಡಂ,” ಎಂದ ಕೊನೆಗೆ. “ಆಕೆ ನನಗೆ ಚಿಕ್ಕಮ್ಮ ಆಗಬೇಕು. ರಕ್ತಸಂಬಂಧ ಅಲ್ಲ. ಕೇರಿಯ ಲೆಕ್ಕದಲ್ಲಿ.”

“ನೋಡು.”

ಸರಾಂದಿಸ್ ತಿರುಗಿದ. ಶಿಲುಬೆಯ ಬಲತೋಳು ಪೂರ್ತಿ ಇರಲಿಲ್ಲ. ಅರ್ಧಕ್ಕೆ ಕರಗಿದಂತೆ ನಿಂತಿತ್ತು. ಆಚೆದಡದ ಊರು ಹೊತ್ತಿ ಉರಿದಾಗ ಸ್ತಮಾತಿಯಾಳ ಅಜ್ಜಿಯ ತಾಯಿ ಬೆಂಕಿಯೊಳಗೆ ಕೈಹಾಕಿ ಎಳೆದು ತಂದ ಅಚ್ಚು ಅದು. ಆ ಮೂಲೆ ಸುಟ್ಟಿತ್ತು. ಕೇರಿಯ ಮಗುವಿಗೂ ಆ ಗುರುತು ಗೊತ್ತು.

“ಅಷ್ಟು ನಾಜೂಕಾಗಿ ಬಲೆ ಕಟ್ಟಿದವಳು ಅಚ್ಚು ಒತ್ತದೆ ರೊಟ್ಟಿ ಬಿಡಬಹುದಿತ್ತಲ್ಲ?”

“ಅಚ್ಚಿಲ್ಲದೆ ಬಿಟ್ರೆ ಯಾರು ಕಳಿಸಿದ್ದು ಅಂತ ಸಮುದ್ರಕ್ಕೆ ಹೇಗೆ ಗೊತ್ತಾಗಬೇಕು ಮೇಡಂ?” ಎಂದ ಸರಾಂದಿಸ್. ಅವನಿಗೆ ಅದರಲ್ಲಿ ವಿಚಿತ್ರವೇನೂ ಕಂಡಂತಿರಲಿಲ್ಲ.

*

ಸಂಜೆ ಆರೂವರೆಗೆ ಅವರು ಬಂದರಿಗೆ ಹೋದರು. ಸ್ತಮಾತಿಯಾ ಹಳದಿ ಬಲೆಯ ರಾಶಿಯ ನಡುವೆ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಮರದ ಸೂಜಿಯಿಂದ ತೂತು ಮುಚ್ಚುತ್ತಿದ್ದಳು. ಅಗಲ ಟೋಪಿಯ ಪ್ರವಾಸಿ ಹೆಂಗಸೊಬ್ಬಳು ಬಗ್ಗಿ ಅವಳ ಫೋಟೋ ತೆಗೆಯುತ್ತಿದ್ದಳು.

“ನಗು ಅಂತಾಳೆ,” ಎಂದಳು ಸ್ತಮಾತಿಯಾ, ಸರಾಂದಿಸನ ಬೂಟು ನೋಡುತ್ತ. “ಬಾಯಲ್ಲಿ ನೂಲು ಕಚ್ಚಿಕೊಂಡು ಹೆಂಗೆ ನಗೋದು ಕೇಳೋ ಸರಾಂದಿಸಾ.” ನೂಲು ಕಡಿದಳು. “ಸಿಕ್ನಾ?”

“ಸಿಕ್ಕ ಚಿಕ್ಕಮ್ಮ.”

“ಎಷ್ಟೊತ್ತಿಗೆ?”

“ಒಂದು ಗಂಟೆಗೆ.”

“ನೋಡ್ದಾ! ರೊಟ್ಟಿ ಬಿಟ್ರೆ ಅರ್ಧ ದಿನದಲ್ಲಿ ಸಿಗ್ತಾರೆ.” ಅವಳು ಥೆಕ್ಲಾಳ ಕಡೆ ತಿರುಗಿದಳು. “ಬಂದೆ ಮೇಡಂ. ಬಲೆಯ ಈ ಒಂದು ಕಣ್ಣು ಮುಚ್ಚಿಬಿಡ್ತೀನಿ. ಪಾಪ, ನಾಳೆ ದೋಣಿಯವರು ಕಡಲಿಗೆ ಹೋಗ್ಬೇಕು.”

ಥೆಕ್ಲಾ ಕಾದಳು. ಸ್ತಮಾತಿಯಾ ಆ ಕಣ್ಣು ಮುಚ್ಚಿ, ಗಂಟು ಬಿಗಿದು, ಮಡಿಲಲ್ಲಿದ್ದ ಚಿಕ್ಕ ಚಾಕುವನ್ನು ಮಡಿಸಿ ತಾನೇ ಸರಾಂದಿಸನ ಕೈಗೆ ಕೊಟ್ಟಳು. ಬಂಧನ ಆರೂ ಐವತ್ತಕ್ಕೆ ಎಂದು ನಮೂದಾಯಿತು.

ಹೇಳಿಕೆ ಕೊಡುವಾಗ ಸ್ತಮಾತಿಯಾ ಒಂದನ್ನೂ ಅಲ್ಲಗಳೆಯಲಿಲ್ಲ.

“ಬಲೆ ಯಾವಾಗ ಕಟ್ಟಿದ್ದು?”

“ನಿನ್ನೆ ಸಂಜೆ. ಎಲ್ಲರೂ ನೋಡ್ತಾನೇ ಇದ್ರು. ಇವಳು ಚಿಪ್ಪು ಆರಿಸ್ತಾಳೆ ಅಂದ್ಕೊಂಡ್ರು. ಮನೆಗೆ ಬಂದು ರೊಟ್ಟಿ ಬೇಯಿಸ್ದೆ.”

“ಒಂದೇ ದಿನ?”

“ಮುಳುಗಿಸೋಕೆ ಬಲೆ. ಹುಡುಕೋಕೆ ರೊಟ್ಟಿ. ಒಂದು ಮಾಡಿ ಇನ್ನೊಂದು ಮಾಡ್ದಿದ್ರೆ ಅವನಿಗೂ ನನಗೂ ಏನು ವ್ಯತ್ಯಾಸ?”

“ಬೆಳಗ್ಗೆ ಅಲ್ಲಿದ್ಯಾ?”

“ಬಂಡೆ ಮೇಲೆ ಕೂತಿದ್ದೆ. ಅವನು ನಿಲ್ಲೋವರೆಗೂ ನೋಡ್ದೆ. ಚಾಕು ಮಡಿಲಲ್ಲೇ ಇತ್ತು. ತೆಗೀಲಿಲ್ಲ. ಆಮೇಲೆ ದೀಪ ಹಚ್ಚಿ, ರೊಟ್ಟಿ ಬಿಟ್ಟು, ದೋಣಿ ತಗೊಂಡು ಬಂದೆ.”

“ಬಾವುಟ ಇಳಿಸಿದ್ದಕ್ಕಾ?”

“ಬಾವುಟ!” ಸ್ತಮಾತಿಯಾ ಮೊದಲ ಸಲ ದನಿ ಎತ್ತಿದಳು. “ಬಾವುಟಕ್ಕೆ ಕೋರ್ಟು ಇದೆ, ನೀವಿದೀರಿ. ಕುಡುಕ ಅಂತ ಬರೆದ್ರಿ, ಬರ್ಕೊಳ್ಳಿ. ಅದಕ್ಕಲ್ಲ. ಅವತ್ತು ರಾತ್ರಿ ಬಿಸಿ ರೊಟ್ಟಿ ಮೇಲುಹೊದಿಕೆಯಲ್ಲಿ ಕಟ್ಕೊಂಡು ಅವನ ಬಾರಿಗೆ ಹೋದೆ. ‘ನನ್ನ ಮಗನ್ನ ಕೊನೆಗೆ ಕಂಡವನು ನೀನು. ನನ್ನ ಕೈಯಿಂದ ಬಿಟ್ರೆ ಹೋಗಲ್ಲ. ನಿನ್ನ ಕೈಯಿಂದ ಒಂದು ಸಲ ನೀರಿಗೆ ಬಿಡಪ್ಪಾ’ ಅಂದೆ. ಕಾಲು ಹಿಡ್ದೆ ಮೇಡಂ. ಸುತ್ತ ಜನ ಕುಣೀತಾ ಇದ್ರು. ‘ಗಿರಾಕಿಗಳ ಮುಂದೆ ಹೆಣದ ದೀಪ ತೇಲಿ ಬಿಡ್ಲಾ, ಹುಚ್ಚಿ’ ಅಂದ. ರೊಟ್ಟಿ ಕಿತ್ಕೊಂಡು ಹಕ್ಕಿಗಳಿಗೆ ಎಸೆದ. ‘ಹೋಗ್ಲಿ, ನನ್ನ ಮಗ ಕೊನೆಗೆ ಏನಂತ ಕೂಗ್ದ, ಅದನ್ನಾದ್ರೂ ಹೇಳು’ ಅಂದೆ.”

“ಏನಂದ?”

“‘ಹಾಡು ಜೋರಾಗಿತ್ತು, ಕೇಳಿಸ್ಲಿಲ್ಲ’ ಅಂದ.”

ಸರಾಂದಿಸ್ ಬರೆಯುವುದನ್ನು ನಿಲ್ಲಿಸಿದ್ದ. “ಬರ್ಕೋ ಮಗಾ,” ಎಂದಳು ಅವಳು. “ಕೈ ಸೋತರೆ ಕೈ ಬದಲಾಯಿಸು. ಒಂದು ವರ್ಷ ಕಾದಿದೀನಿ. ಇನ್ನೊಂದು ಸಲ ಸಿಕ್ಕಿದ್ರೆ ಇನ್ನೊಂದು ಸಲ ಕಟ್ತೀನಿ.”

*

ಬುಧವಾರ ಬೆಳಿಗ್ಗೆ ಉರಾನಿಯಾ ಮತ್ತೆ ಬಂದಳು. ಥೆಕ್ಲಾ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು. ಬಾವುಟ, ಬೋಟು, ಹಕ್ಕಿಗಳಿಗೆ ಎಸೆದ ರೊಟ್ಟಿ. ಮುದುಕಿ ಕಲ್ಲಿನಂತೆ ಕೇಳಿದಳು.

“ಅವಳು ಕೂತು ನೋಡಿದ್ಲು ಅಂದ್ರಾ?”

“ಹೌದು.”

“ಹಾಗಾದ್ರೆ ಅವನು ಕೊನೆಗೆ ಏನಂದ ಅಂತ ಅವಳಿಗೆ ಗೊತ್ತು. ಕೇಳಿ ಹೇಳಿ. ನನಗೆ ಇನ್ನೇನೂ ಬೇಡ.”

ಥೆಕ್ಲಾ ಲಾಕಪ್ಪಿಗೆ ಹೋದಳು. ಸ್ತಮಾತಿಯಾ ತನ್ನ ಮೇಲುಹೊದಿಕೆಯ ನೂಲು ಬಿಚ್ಚಿ ಮತ್ತೆ ಗಂಟು ಹಾಕುತ್ತಿದ್ದಳು.

“ಗೊತ್ತು,” ಎಂದಳು. “ಹೇಳಿಕೆಯಲ್ಲಿ ಅದೊಂದನ್ನ ನುಂಗಿದೀನಿ. ಹೇಳಬೇಕಾ? ನನ್ನ ಮಗನ್ನ ಕೊನೆಗೆ ಕಂಡವನು ಅವಳ ಮಗ. ಅವನು ಬಿಡಲಿಲ್ಲ. ಅವನ ಬದಲಿಗೆ ಅವಳು ಬಿಡ್ಲಿ. ಫೋತಿಸನಿಗೆ ಒಂದು ರೊಟ್ಟಿ, ಆ ಮನೆಯ ಅಚ್ಚು ಒತ್ತಿ, ಹಗಲಲ್ಲಿ, ದೊಡ್ಡ ದಂಡೆಯಲ್ಲಿ, ಎಲ್ಲರ ಮುಂದೆ. ಆಮೇಲೆ ಹೇಳ್ತೀನಿ. ಇಲ್ದಿದ್ರೆ ನನ್ನ ಜೊತೆ ಮಣ್ಣಿಗೆ ಹೋಗ್ಲಿ.”

ಅದನ್ನು ಕೇಳಿ ಉರಾನಿಯಾ ಕೋಲಿನಿಂದ ನೆಲ ಕುಟ್ಟಿದಳು.

“ನನ್ನ ಮಗನ್ನ ತಿಂದವಳ ಮಗನಿಗೆ ನನ್ನ ಕೈಯ ರೊಟ್ಟಿಯಾ? ಬಿಟ್ರೆ ಅರ್ಥವೇನು ಗೊತ್ತಾ ಹುಡುಗಿ? ನನ್ನ ಮಗನ ಕಣ್ಮುಂದೆ ಆ ಹುಡುಗ ಹೋದ, ನನ್ನ ಮಗ ಸುಳ್ಳು ಹೇಳ್ದ ಅಂತ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಅವಳು ಜೈಲಲ್ಲಿ ಕೊಳೀಲಿ. ಅವಳ ಮಗ ಅಲ್ಲೇ ಅಲೀತಿರ್ಲಿ.”

ಗುರುವಾರ ಮೆನೆಲಾವೋಸನ ಶವಸಂಸ್ಕಾರವಾಯಿತು. ದೊಡ್ಡ ದಂಡೆಯ ಹಾಡು ಮಧ್ಯಾಹ್ನದವರೆಗೆ ನಿಂತು, ಊಟದ ಹೊತ್ತಿಗೆ ಮತ್ತೆ ಶುರುವಾಯಿತು. ಅದೇ ದಿನ ಥೆಕ್ಲಾ ಜೀಸಿಸನ ಹೊಸ ಹೇಳಿಕೆ ಸೇರಿಸಿ, ಫೋತಿಸನ ಕಡತ ಮತ್ತೆ ತೆರೆಯಲು ಮೇಲಿನವರಿಗೆ ಬರೆದಳು. ಲಾಕಪ್ಪಿನ ಕಂಬಿಯಾಚೆ ನಿಂತು ಅದನ್ನು ತಿಳಿಸಿದಳು. “ಸರಿ,” ಎಂದಳು ಸ್ತಮಾತಿಯಾ. ಆಮೇಲೆ, “ಮುದುಕಿ ಬಂದ್ಲಾ?” ಎಂದಳು.

“ಇಲ್ಲ.”

ಶುಕ್ರವಾರ ಹನ್ನೆರಡರ ಹಡಗಿಗೆ ಆರೋಪಿಯನ್ನು ಜಿಲ್ಲಾ ಕೋರ್ಟಿಗೆ ಕರೆದೊಯ್ಯಬೇಕಿತ್ತು. ಹತ್ತು ಗಂಟೆಗೆ ಸರಾಂದಿಸ್ ದೊಡ್ಡ ದಂಡೆಯ ಗಸ್ತಿನಲ್ಲಿದ್ದ. ಕೊಡೆಗಳ ನಡುವೆ ಕಪ್ಪು ಬಟ್ಟೆಯೊಂದು ನಡೆದು ಬರುವುದು ಕಾಣಿಸಿತು. ಎಣ್ಣೆ ಹಚ್ಚಿಕೊಂಡು ಮಲಗಿದ್ದ ಮೈಗಳನ್ನು ಉರಾನಿಯಾ ಕೋಲಿನಿಂದ ತಡವಿ ದಾರಿ ಮಾಡಿಕೊಳ್ಳುತ್ತಿದ್ದಳು. ಕಂಕುಳಲ್ಲಿ ಬಿಳಿ ಟವೆಲಿನಲ್ಲಿ ಸುತ್ತಿದ ಗಂಟು. ಅವಳು ಚಪ್ಪಲಿ ಸಮೇತ ಮೊಣಕಾಲುವರೆಗೆ ನೀರಿಗಿಳಿದಳು. ಚೆಂಡಾಡುತ್ತಿದ್ದ ಮಕ್ಕಳು ಆಟ ನಿಲ್ಲಿಸಿ ನೋಡಿದರು. ಅವಳು ಗಂಟು ಬಿಚ್ಚಿ, ಬೆಂಡಿನ ಮೇಲೆ ರೊಟ್ಟಿ ಕೂರಿಸಿ, ಬತ್ತಿ ನೆಟ್ಟು, ಜೇಬು ತಡಕಿದಳು. ಸುತ್ತ ನೋಡಿದಳು.

“ಏಯ್ ಕೇರಿಯವನೇ. ಬೆಂಕಿಪೊಟ್ಟಣ ಇದೆಯೇನೋ?”

ಸರಾಂದಿಸ್ ಬೂಟು ಬಿಚ್ಚದೆ ನೀರಿಗಿಳಿದ. ಗಾಳಿಗೆ ಅಡ್ಡಲಾಗಿ ನಾಲ್ಕು ಕೈ ಸೇರಿ ದೀಪ ಹತ್ತಿತು. ಅವಳು ರೊಟ್ಟಿಯನ್ನು ತಳ್ಳಿದಳು. ರಬ್ಬರ್ ಹಾಸಿಗೆಗಳ, ಈಜುವ ತಲೆಗಳ ನಡುವೆ ಅದು ದಾರಿ ಹುಡುಕಿಕೊಂಡು ಹೋಯಿತು. ಹಗಲಿನಲ್ಲಿ ಜ್ವಾಲೆ ಕಾಣುತ್ತಿರಲಿಲ್ಲ. ಬಾರಿನ ಒಳಗೆ ಜೀಸಿಸ್ ಹೋಗಿ ಹಾಡು ನಿಲ್ಲಿಸಿದ.

“ಏನಂತ ಹೇಳಿ ಬಿಡ್ತಾರೆ ಇದನ್ನ?” ಎಂದಳು ಉರಾನಿಯಾ.

“ಹೆಸರು ಹೇಳ್ತಾರೆ ಅಜ್ಜಿ. ಅಷ್ಟೇ.”

“ಫೋತಿಸ್,” ಎಂದಳು, ಯಾರನ್ನೋ ಬೈಯುವ ದನಿಯಲ್ಲಿ.

*

ಹನ್ನೊಂದಕ್ಕೆ ಸರಾಂದಿಸ್ ಒದ್ದೆ ಬೂಟಿನಲ್ಲಿ ಲಾಕಪ್ಪಿನ ಮುಂದೆ ನಿಂತು ಕಂಡದ್ದನ್ನು ಹೇಳಿದ. ಸ್ತಮಾತಿಯಾ ಎದ್ದು ಕಂಬಿಯ ಬಳಿಗೆ ಬಂದಳು.

“ಯಾವ ಕಡೆ ಹೋಯ್ತು?”

“ತೆರೆದ ಕಡಲಿಗೆ, ಚಿಕ್ಕಮ್ಮ.”

ಅವಳು ತಲೆಯಾಡಿಸಿದಳು. ಥೆಕ್ಲಾ ಹೇಳಿಕೆಯ ಹಾಳೆ ತೆರೆದು ಕಾದಳು.

“ಬಲೆಗೆ ಬಿದ್ದ ಮೇಲೆ ಗಾಬರಿಯಾಗಿ ಬಡಿದಾಡ್ತಿದ್ದ,” ಎಂದಳು ಸ್ತಮಾತಿಯಾ. “ಆಮೇಲೆ ತಲೆ ಎತ್ತಿ ನನ್ನ ನೋಡ್ದ. ನೋಡಿ ನಕ್ಕ ಮೇಡಂ. ‘ಸ್ತಮಾತಿಯಾ! ದೇವ್ರು ಕಳಿಸಿದ ಹಾಗೆ ಬಂದೆ ನೋಡು’ ಅಂದ. ಕೈ ಚಾಚ್ದ.” ಅವಳು ತನ್ನ ಕೈಯನ್ನು ನೋಡಿಕೊಂಡಳು. “ನಾನ್ಯಾಕೆ ಬಂದಿದೀನಿ ಅಂತ ಅವನಿಗೆ ಹೊಳೀಲೇ ಇಲ್ಲ. ಮರ್ತೇ ಬಿಟ್ಟಿದ್ದ. ಅದನ್ನ ನಾನು ಎಷ್ಟು ಸಲ ಕೊಂದ್ರೂ ತೀರಲ್ಲ.”

ಥೆಕ್ಲಾ ಆ ಸಾಲನ್ನು ಇದ್ದ ಹಾಗೇ ಬರೆದು, ಸಹಿ ಹಾಕಿಸಿ, ಹೊರಗೆ ಬಂದಳು. ಬೆಂಚಿನ ಮೇಲೆ ಉರಾನಿಯಾ ಕೂತಿದ್ದಳು. ಲಂಗದ ಅಂಚಿನಿಂದ ಉಪ್ಪುನೀರು ಇಳಿದು ನೆಲದ ಮೇಲೆ ಒಂದು ಪುಟ್ಟ ಕೊಳವಾಗಿತ್ತು. ಥೆಕ್ಲಾ ಮೆತ್ತಗೆ ಮಾಡದೆ, ಉದ್ದ ಮಾಡದೆ ಆ ಮಾತನ್ನು ಓದಿದಳು.

“ನಕ್ನಾ?” ಎಂದಳು ಮುದುಕಿ.

“ನಕ್ಕನಂತೆ.”

“ಹೂಂ. ಯಾರ ಮನೆ ಕಿಟಕಿ ಒಡೆದು ಬಂದ್ರೂ ಅವರನ್ನೇ ನೋಡಿ ನಗ್ತಿದ್ದ,” ಎಂದು ಉರಾನಿಯಾ ಕೋಲು ಹುಡುಕಿ ಎದ್ದಳು. “ಚಿಕ್ಕಂದಿನಿಂದಲೂ. ನಾನೇ ಒಂದು ಏಟು ಹಾಕಲಿಲ್ಲ.”

ಹನ್ನೆರಡರ ಹಡಗು ಕೂಗಿತು. ಸರಾಂದಿಸ್ ಲಾಕಪ್ಪಿನ ಬೀಗ ತೆಗೆಯಲು ಹೋದ.